ಕಾಗದ ಕಾಯುವವನ ಧರ್ಮ

ಜೇಜುರಿಯ ಗುಡ್ಡ ಹತ್ತಿ ಇಳಿದು ಬಂದವರಿಗೆಲ್ಲ ಒಂದು ಸಂಗತಿ ಗೊತ್ತಿರುತ್ತದೆ. ಮನೆಗೆ ಬಂದು ಮಿಂದು, ಬಟ್ಟೆಯನ್ನು ಒಗೆದು ಹಾಕಿದ ಮೇಲೂ ಭಂಡಾರದ ಅರಿಸಿನ ಪೂರ್ತಿ ಹೋಗುವುದಿಲ್ಲ. ನಾಲ್ಕು ದಿನ ಬಿಟ್ಟು ಅಂಗಿಯ ಕಿಸೆಗೆ ಕೈ ಹಾಕಿದರೆ ಉಗುರಿನ ಸಂದಿಗೆ ಹಳದಿ ಅಂಟಿಕೊಳ್ಳುತ್ತದೆ. ಕಳೆದ ಚಂಪಾಷಷ್ಠಿಗೆ ಮನೆಮಂದಿಯೊಂದಿಗೆ ಹೋಗಿ ಬಂದಾಗ ನನಗೂ ಹೀಗೇ ಆಯಿತು. ಆದರೆ ಈ ಸಲ ಅರಿಸಿನದ ಜೊತೆಗೆ ಒಂದು ಪ್ರಶ್ನೆಯೂ ಅಂಟಿಕೊಂಡು ಬಂದಿತ್ತು. ಅದನ್ನು ನಮ್ಮ ಪತ್ರಿಕೆಯ ಓದುಗರೆದುರು ಇಡಬೇಕೆಂದು ಈ ಬರಹ. ಪ್ರಶ್ನೆ ಇಷ್ಟೇ: ಹಳೆಯದನ್ನು ಉಳಿಸುವುದು ಯಾವಾಗಲೂ ಒಳ್ಳೆಯ ಕೆಲಸವೇ? ಉಳಿಸಿದ ಕಾಗದ ಯಾರಿಗಾದರೂ ನೋವು ಕೊಡುವಂತಿದ್ದರೆ, ಅದನ್ನು ಕಾಯುವವನು ಏನು ಮಾಡಬೇಕು?

ಪುಣೆಯಲ್ಲಿ ನೆಲೆಸಿದ ನಮ್ಮಂಥ ಕನ್ನಡಿಗರಿಗೆ ಜೇಜುರಿ ಪರಸ್ಥಳವಲ್ಲ. ಇಲ್ಲಿಂದ ಹೆಚ್ಚುಕಡಿಮೆ ಐವತ್ತು ಕಿಲೋಮೀಟರು. ಮೀರಜದ ರೈಲುದಾರಿಯಲ್ಲೇ ಸ್ಟೇಷನ್ನು. ಮರಾಠಿಯವರ ಖಂಡೋಬಾ ನಮ್ಮ ಮೈಲಾರಲಿಂಗ. ಅವರ ಮಲ್ಹಾರಿ ನಮ್ಮ ಮಲ್ಲಯ್ಯ. ಭಂಡಾರ ತೂರುತ್ತ ಅವರು ‘ಯೇಳಕೋಟ’ ಎಂದು ಕೂಗಿದಾಗ ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲೋ ರಾಣೇಬೆನ್ನೂರಿನ ಹತ್ತಿರದ ದೇವರಗುಡ್ಡದಲ್ಲೋ ಗೊರವರ ಕೂಗು ಕೇಳಿದವನಿಗೆ ಅದು ‘ಏಳು ಕೋಟಿ’ ಎಂದು ತಟ್ಟನೆ ತಿಳಿಯುತ್ತದೆ. ಅಲ್ಲಿಯ ಗೊರವ ಇಲ್ಲಿಯ ವಾಘ್ಯಾ. ಮರಾಠಿ ಸಂಸ್ಕೃತಿಯ ತಳದಲ್ಲಿ ಕನ್ನಡದ ಪದರು ಇದೆಯೆಂದು ಶಂ. ಬಾ. ಜೋಶಿಯವರು ಬಾಳಿನುದ್ದಕ್ಕೂ ವಾದಿಸಿದರು. ಅವರ ವಾದವನ್ನು ಒಪ್ಪಲಿ ಬಿಡಲಿ, ಜೇಜುರಿಯ ಮೆಟ್ಟಿಲ ಮೇಲೆ ನಿಂತವನು ಅದನ್ನು ನಕ್ಕು ತಳ್ಳಿಹಾಕಲಾರ.

ಈ ದೇವರ ಚರಿತ್ರೆ ಬಹುಕಾಲ ಕಾಗದದಲ್ಲಿರಲಿಲ್ಲ, ಕಂಠದಲ್ಲಿತ್ತು. ಮದುವೆಯಾದ ಮನೆಯಲ್ಲಿ, ಹರಕೆ ತೀರಿದ ಮನೆಯಲ್ಲಿ ರಾತ್ರಿಯಿಡೀ ಜಾಗರಣ ನಡೆಯುತ್ತದೆ. ವಾಘ್ಯಾ ತುಣತುಣೆ, ದಿಮಡಿ ಹಿಡಿದು, ಮುರಳಿ ಗಂಟೆ ಹಿಡಿದು ಊರೂರಿನ ದೇವರುಗಳನ್ನು ಹೆಸರು ಹೆಸರಾಗಿ ಜಾಗರಣಕ್ಕೆ ಕರೆಯುತ್ತಾರೆ. ಲಿಂಗಾಯತ ವ್ಯಾಪಾರಿಯ ಮಗಳಾದ ಮ್ಹಾಳಸೆಯ ಕತೆ, ಧನಗರರ ಬಾಣಾಯಿಯ ಕತೆ, ಇಬ್ಬರು ಹೆಂಡಿರ ನಡುವೆ ಸಿಕ್ಕ ದೇವರ ಕತೆ, ಎಲ್ಲ ಆ ಒಂದು ರಾತ್ರಿಯಲ್ಲಿ ಬರುತ್ತವೆ. ರಾ. ಚಿಂ. ಢೇರೆಯವರು 1961ರಲ್ಲಿ ಖಂಡೋಬಾನ ಮೇಲೆ ಪುಸ್ತಕ ಬರೆದರು. ಜರ್ಮನಿಯ ವಿದ್ವಾಂಸ ಗುಂಥರ್ ಸೋಂಥೈಮರ್ ಅವರು ಧನಗರರ ಬಾಯಿಂದ ಓವಿಗಳನ್ನು ಕೇಳಿ ಕೂಡಿಹಾಕಿದರು. 1992ರಲ್ಲಿ ತೀರಿಕೊಳ್ಳುವವರೆಗೂ ಅದೇ ಅವರ ಧ್ಯಾಸವಾಗಿತ್ತು. ಪುಣೆಯಲ್ಲಿಯೇ ಹೇಮಾ ರಾಯಿರಕರ್ ಮತ್ತು ಗಿ ಪುಆತವಾಂ ಎಂಬ ಇಬ್ಬರು ಹಳ್ಳಿಯ ಹೆಂಗಸರ ಬೀಸುವ ಹಾಡುಗಳನ್ನು ಕೂಡಿಸುವ ಕೆಲಸ ತೊಡಗಿದರು. ಆ ಸಂಗ್ರಹ ಒಂದು ಲಕ್ಷ ಹಾಡುಗಳನ್ನು ದಾಟಿತು. ಇವರಾರೂ ರಾಜರ ದಫ್ತರ ಕಾದವರಲ್ಲ. ಬರೆಯಲು ಬಾರದ ಜನರ ನೆನಪಿಗೆ ಒಂದು ಕಪಾಟು ಮಾಡಿಕೊಟ್ಟವರು.

ನಮ್ಮ ಸಂಘದಲ್ಲೂ ಈಚೆಗೆ ಕೆಲವರು ಮಿತ್ರರು ಸೇರಿ ಸಣ್ಣದೊಂದು ದಾಖಲೆ ಸಂಗ್ರಹ ಶುರು ಮಾಡಿದ್ದೇವೆ. ಊರು ಬಿಟ್ಟು ಬಂದ ಕುಟುಂಬಗಳಲ್ಲಿ ಉಳಿದ ಪತ್ರ, ಫೋಟೋ, ಲಗ್ನಪತ್ರಿಕೆ, ಲೆಕ್ಕದ ವಹಿ, ಹಳೆಯ ರೇಷನ್ ಕಾರ್ಡು, ಏನಿದ್ದರೂ ಕೊಡಿರೆಂದು ಕೇಳಿದೆವು. ರವಿವಾರ ಮುಂಜಾನೆ ಕೂತು ಅವುಗಳ ಧೂಳು ಝಾಡಿಸಿ, ತುಕ್ಕು ಹಿಡಿದ ಟಾಚಣಿ ತೆಗೆದು, ಪಟ್ಟಿ ಬರೆದಿಡುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾನು ಕೇಂದ್ರ ಸರಕಾರದ ಕಚೇರಿಯೊಂದರ ಗುಮಾಸ್ತ. ಕಾಗದದ ಜೊತೆ ಬಾಳಿದವನು ಎಂಬ ಕಾರಣಕ್ಕೆ ಇದು ನನಗೆ ಅಂಟಿತು. ಆದರೆ ಎರಡೂ ಕೆಲಸ ಒಂದೇ ಅಲ್ಲ ಎಂಬುದು ಬೇಗನೆ ತಿಳಿಯಿತು.

ಕಚೇರಿಯಲ್ಲಿ ಪ್ರತಿಯೊಂದು ಕಡತಕ್ಕೂ ಆಯುಷ್ಯ ಗೊತ್ತು ಮಾಡಿರುತ್ತದೆ. ‘ಎ’ ವರ್ಗದ್ದು ಶಾಶ್ವತ, ಅದರ ನಕಲೂ ತೆಗೆದಿಡಬೇಕು. ‘ಬಿ’ ಕೂಡ ಶಾಶ್ವತವೇ. ‘ಸಿ’ ವರ್ಗದ್ದು ಹೆಚ್ಚೆಂದರೆ 10 ವರ್ಷ, ಆಮೇಲೆ ರದ್ದಿ. 1993ರ ಸಾರ್ವಜನಿಕ ದಾಖಲೆಗಳ ಕಾಯಿದೆಯ ಪ್ರಕಾರ 1892ಕ್ಕಿಂತ ಮೊದಲು ಹುಟ್ಟಿದ ಸರಕಾರಿ ಕಾಗದವನ್ನು, ಅದು ಉಪಯೋಗಕ್ಕೇ ಬಾರದಷ್ಟು ಹಾಳಾಗಿರದ ಹೊರತು, ನಾಶ ಮಾಡುವಂತಿಲ್ಲ. ನಿಯಮ ಇದ್ದಲ್ಲಿ ಮನಸ್ಸಿಗೆ ಹಗುರ. ರುಜು ಹಾಕಿ ಹರಿದು ಹಾಕಬಹುದು, ರುಜು ಹಾಕಿ ಇಡಬಹುದು. ರಾತ್ರಿ ನಿದ್ದೆ ಕೆಡುವುದಿಲ್ಲ. ಜನರ ಮನೆಯ ಟ್ರಂಕಿನಿಂದ ಬಂದ ಕಾಗದಕ್ಕೆ ಇಂಥ ನಿಯಮವಿಲ್ಲ. ಅದು ‘ಎ’ಯೋ ‘ಸಿ’ಯೋ ಎಂದು ಹೇಳುವವರಾರು?

ಈ ವಿದ್ಯೆಯ ದೊಡ್ಡವರಲ್ಲಿಯೂ ಈ ಬಗ್ಗೆ ಒಮ್ಮತವಿರಲಿಲ್ಲ. ಇಂಗ್ಲೆಂಡಿನ ಹಿಲರಿ ಜೆಂಕಿನ್‌ಸನ್ 1922ರ ತಮ್ಮ ಕೈಪಿಡಿಯಲ್ಲಿ, ದಾಖಲೆ ಕಾಯುವವನು ಕಾಯುವವನೇ ಹೊರತು ಆರಿಸುವವನಲ್ಲ ಎಂಬ ನಿಲುವು ತಳೆದರು. ಅಮೆರಿಕದ ಶೆಲೆನ್‌ಬರ್ಗ್ 1956ರಲ್ಲಿ, ಕಾಗದ ಬೆಟ್ಟದಂತೆ ಬೆಳೆಯುತ್ತಿರುವಾಗ ಆರಿಸದೆ ಗತಿಯಿಲ್ಲ, ಮುಂದಿನವರಿಗೆ ಏನು ಬೇಕಾದೀತೆಂದು ತೂಗಿ ನೋಡಬೇಕು ಎಂದರು. ನಾನು ಮೊದಲು ಜೆಂಕಿನ್‌ಸನ್ನರ ಪಕ್ಷದವನಾಗಿದ್ದೆ. ಬಂದದ್ದನ್ನು ಬಂದ ಹಾಗೆ ಇಟ್ಟುಬಿಡುವುದು ಪ್ರಾಮಾಣಿಕವೆಂದೂ, ಅದರಿಂದ ಯಾರಿಗೂ ಅನ್ಯಾಯವಾಗದೆಂದೂ ನಂಬಿದ್ದೆ. ನಮ್ಮ ಮನೆಯ ಟ್ರಂಕು ತೆರೆಯುವ ತನಕ.

ನಮ್ಮದು ಅಥಣಿಯ ಸೀಮೆಯ ಮನೆತನ. ಹತ್ತಿರದಲ್ಲೇ ಮಂಗಸೂಳಿಯ ಮಲ್ಲಯ್ಯ ಇದ್ದರೂ ನಮ್ಮ ಹಿರಿಯರು ಜೇಜುರಿಗೂ ನಡೆದುಕೊಳ್ಳುತ್ತಿದ್ದರು. ತಂದೆಯವರು ಪುಣೆಗೆ ಬರುವಾಗ ತಂದ ತಗಡಿನ ಟ್ರಂಕಿನ ತಳದಲ್ಲಿ ಕೆಂಪು ಬಟ್ಟೆಯ ರಟ್ಟು ಹಾಕಿದ ಒಂದು ವಹಿ ಇತ್ತು. ಮುತ್ತಜ್ಜನ ಖರ್ಚಿನ ಲೆಕ್ಕ. ಆ ಕಾಲಕ್ಕೆ ನಮ್ಮ ಕಡೆ ಮನೆಮಾತು ಕನ್ನಡವಾದರೂ ಲೆಕ್ಕ ಬರೆಯುವುದು ಮರಾಠಿಯಲ್ಲಿ, ಅದೂ ಮೋಡಿ ಲಿಪಿಯಲ್ಲಿ. ನನಗೆ ಮೋಡಿ ಬಾರದು. ಇಲ್ಲಿಯ ಒಬ್ಬ ವೃದ್ಧರು ಮೋಡಿ ಓದಬಲ್ಲರೆಂದು ತಿಳಿದು ಅವರಲ್ಲಿಗೆ ಒಯ್ದೆ. ಅವರು ಓದುತ್ತ ಹೋದರು, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತ ಹೋದೆ. ಜೋಳ, ಹತ್ತಿಕಾಳು, ಎತ್ತಿನ ಲಾಳ, ಸಾಹುಕಾರನ ಬಡ್ಡಿ. ಒಂದು ಪುಟದಲ್ಲಿ ಅವರು ತಟ್ಟನೆ ನಿಂತರು. ಕನ್ನಡಕ ತೆಗೆದು ಒರೆಸಿಕೊಂಡು, “ಇದನ್ನು ಓದಲೇ?” ಎಂದು ಕೇಳಿದರು. ಅರ್ಧ ತಾಸಿನಿಂದ ಓದುತ್ತಿದ್ದವರು ಹಾಗೆ ಕೇಳಿದ್ದು ಅದೇ ಮೊದಲು.

ಶಕೆ 1855, ಶ್ರೀಮುಖ ಸಂವತ್ಸರ, ಮಾರ್ಗಶಿರ ಮಾಸ. ಅಂದರೆ 1933ರ ಕೊನೆ. ಕುಡಚಿಯಿಂದ ಜೇಜುರಿಗೆ ರೈಲಿನ ಖರ್ಚು. ಅರಿಸಿನ 2 ಸೇರು. ಒಣ ಕೊಬ್ಬರಿ. ಹಸಿರು ಸೀರೆ, ಕುಪ್ಪಸ. ಕವಡೆಯ ಸರ 4 ಆಣೆ. ಊಟಕ್ಕೆ ಇಷ್ಟು, ದಕ್ಷಿಣೆಗೆ ಇಷ್ಟು. ಕೆಳಗೆ ಒಂದು ಸಾಲು: ಹುಡುಗಿಯನ್ನು ದೇವರಿಗೆ ಒಪ್ಪಿಸಿದ್ದು. ಅದರ ಮುಂದೆ ಖರ್ಚಿನ ಒಟ್ಟು ಮೊತ್ತ.

ಮುರಳಿ ಬಿಡುವುದು ಎಂದರೇನೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಮಕ್ಕಳಾಗಲೆಂದೋ, ಹುಟ್ಟಿದ್ದು ಬದುಕಲೆಂದೋ ಹರಕೆ ಹೊತ್ತು, ಎಳೆಯ ಹುಡುಗಿಯನ್ನು ಖಂಡೋಬಾನಿಗೆ ಮದುವೆ ಮಾಡಿ ಬಿಡುತ್ತಿದ್ದರು. ಆಮೇಲೆ ಅವಳಿಗೆ ಮನುಷ್ಯರ ಮದುವೆ ಇಲ್ಲ. ಅವಳ ಪಾಲಿಗೆ ಹಾಡು, ಭಿಕ್ಷೆ, ಮತ್ತು ಬಹಳ ಸಲ ಗಂಡಸರ ಲಾಲಸೆ. ಮುತ್ತಜ್ಜ ಬರೆದ ಆ ಹುಡುಗಿ ಲೆಕ್ಕದ ಪ್ರಕಾರ ನನ್ನಜ್ಜನ ತಂಗಿಯಾಗಬೇಕು. ಅಜ್ಜನಿಗೆ ತಂಗಿಯೊಬ್ಬಳಿದ್ದಳೆಂದು ನಾನು ನಲವತ್ತು ದಾಟುವ ತನಕ ಯಾರೂ ಹೇಳಿರಲಿಲ್ಲ.

ಮನೆಯಲ್ಲಿ ಮಾತು ಬೆಳೆಯಿತು. ಊರಿನಿಂದ ಬಂದಿದ್ದ ದೊಡ್ಡಪ್ಪ, “ಸುಟ್ಟ ಹಾಕು ಅದನ್ನ. ಸತ್ತ ಹೋದವರನ್ನ ಎಬ್ಬಿಸಿ ಕೂಡ್ರಿಸಿದರ ಯಾರಿಗೇನು ಬಂತು? ನಾಳೆ ಹುಡುಗೂರ ಲಗ್ನ ಆಗಬೇಕು” ಎಂದರು. ಕಾಲೇಜಿಗೆ ಹೋಗುವ ಮಗಳು, “ಸುಟ್ಟರೆ ಮುತ್ತಜ್ಜ ಮಾಡಿದ್ದನ್ನೇ ನೀವೂ ಮಾಡಿದ ಹಾಗೆ. ಇದನ್ನು ಹೆಸರು ಸಮೇತ ಪತ್ರಿಕೆಯಲ್ಲಿ ಹಾಕಿ” ಎಂದಳು. ನಾನು ಇಬ್ಬರ ನಡುವೆ ಕೂತೆ. ಗುಮಾಸ್ತನಿಗೆ ಇದು ಹೊಸತಲ್ಲ.

ಇಬ್ಬರ ಮಾತಿನಲ್ಲೂ ಹುರುಳಿದೆ ಎಂಬುದೇ ಕಷ್ಟ. ದೊಡ್ಡಪ್ಪನ ಮಾತನ್ನು ಬರಿಯ ಮಾನಾಪಮಾನದ ಮಾತು ಎಂದು ತಳ್ಳಿಹಾಕಲಾಗದು. ಮನುಷ್ಯನಿಗೆ ತನ್ನ ದುಃಖವನ್ನು ಮುಚ್ಚಿಟ್ಟುಕೊಳ್ಳುವ ಹಕ್ಕು ಇದೆ. ಆ ಹೆಣ್ಣುಮಗಳು ಮುಂದೆ ಹೇಗೋ ಆ ಬಾಳಿನಿಂದ ಪಾರಾಗಿ, ಎಲ್ಲಿಯೋ ಸಂಸಾರ ಹೂಡಿ, ಮಕ್ಕಳಿಗೆ ಏನೂ ಹೇಳದೆ ಕಣ್ಣು ಮುಚ್ಚಿರಬಹುದು. ಹಾಗಿದ್ದರೆ ಅವಳು ಪ್ರಯಾಸಪಟ್ಟು ಮುಚ್ಚಿದ ಬಾಗಿಲನ್ನು, ಅವಳನ್ನು ಕಾಣದ ನಾನು ಒದ್ದು ತೆಗೆಯುವುದು ಯಾವ ನ್ಯಾಯ? 1996ರಲ್ಲಿ ಬೀಜಿಂಗಿನಲ್ಲಿ ಜಗತ್ತಿನ ದಾಖಲೆಗಾರರ ಪರಿಷತ್ತು ಒಪ್ಪಿಕೊಂಡ ನೀತಿಸಂಹಿತೆಯೂ ಈ ಇಕ್ಕಟ್ಟನ್ನು ಬಲ್ಲದು. ದಾಖಲೆ ಎಲ್ಲರಿಗೆ ಸಿಗಬೇಕು ಎಂದು ಹೇಳುವ ಅದೇ ಸಂಹಿತೆ, ಜನರ ಖಾಸಗಿ ಬಾಳಿಗೂ ಮರ್ಯಾದೆ ಕೊಡಬೇಕು ಎನ್ನುತ್ತದೆ. ಎರಡನ್ನೂ ಹೇಗೆ ಕೂಡಿಸಬೇಕೆಂಬುದನ್ನು ಮಾತ್ರ ಆಯಾ ಮನುಷ್ಯನ ಮನಸ್ಸಾಕ್ಷಿಗೆ ಬಿಡುತ್ತದೆ.

ಮಗಳ ಮಾತಿನ ಹಿಂದೆಯೂ ದೊಡ್ಡ ಸತ್ಯವಿದೆ. ಜೇಜುರಿಯ ಮುರಳಿಯರ ವಿಷಯದಲ್ಲಿ ಮೌನ ಮುರಿದದ್ದರಿಂದಲೇ ಏನಾದರೂ ಆಯಿತು. ಪುಣೆಯ ಶಿವರಾಮ ಜಾನಬಾ ಕಾಂಬಳೆಯವರು 1908ರಲ್ಲಿ ‘ಸೋಮವಂಶೀಯ ಮಿತ್ರ’ ಎಂಬ ಪತ್ರಿಕೆ ತೆಗೆದು ಈ ಪದ್ಧತಿಯ ವಿರುದ್ಧ ಬರೆದರು. ಅದನ್ನು ಓದಿ ಶಿವೂಬಾಯಿ ಎಂಬ ಮುರಳಿಯೊಬ್ಬಳು ತನ್ನ ಬಾಳಿನ ಬಗ್ಗೆ ಪತ್ರ ಬರೆದಳು. ಪತ್ರಿಕೆ ಅದನ್ನು ಅಚ್ಚು ಹಾಕಿತು. ಕಾಂಬಳೆಯವರ ಬಳಗದವರೊಬ್ಬರು ಮುಂದೆ ಬಂದು ಅವಳನ್ನು ಮದುವೆಯಾದರು. ನಮ್ಮ ಜಮಖಂಡಿಯಲ್ಲಿ 1873ರಲ್ಲಿ ಹುಟ್ಟಿ, 1906ರಲ್ಲಿ ನಿರಾಶ್ರಿತ ವರ್ಗದವರ ಮಿಷನ್ ಕಟ್ಟಿದ ವಿಠ್ಠಲ ರಾಮಜಿ ಶಿಂದೆಯವರೂ ಮುರಳಿ ಬಿಡುವುದನ್ನು ನಿಲ್ಲಿಸಲು ಚಳವಳಿ ಮಾಡಿದರು. ನಮ್ಮ ಬೆಳಗಾವಿ, ಧಾರವಾಡ, ವಿಜಾಪುರಗಳಿದ್ದ ಮುಂಬಯಿ ಪ್ರಾಂತಕ್ಕೆ 1934ರಲ್ಲಿ ದೇವದಾಸಿಯರ ರಕ್ಷಣೆಯ ಕಾಯಿದೆ ಬಂತು. ಕರ್ನಾಟಕದಲ್ಲಿ 1982ರ ಕಾಯಿದೆ, ಮಹಾರಾಷ್ಟ್ರದಲ್ಲಿ 2005ರದು. ಇಂದು ಜಾಗರಣದಲ್ಲಿ ಗಂಟೆ ಹಿಡಿದು ಹಾಡುವವರಲ್ಲಿ ದೇವರಿಗೆ ಬಿಡದೆ, ಕಲೆಯೆಂದು ಕಲಿತು ಬಂದವರೂ ಇದ್ದಾರೆ.

1933ರ ಮಾರ್ಗಶಿರ, 1934ರ ಕಾಯಿದೆ. ಒಂದು ವರ್ಷವೂ ಅಂತರವಿಲ್ಲ. ಕಾಯಿದೆ ಬಂದಿದ್ದರೂ ಮುತ್ತಜ್ಜ ನಿಲ್ಲುತ್ತಿದ್ದನೋ ಇಲ್ಲವೋ, ಅದು ಬೇರೆ ಮಾತು. ಅಂಥ ಕಾಯಿದೆಗಳನ್ನು ತಂದದ್ದು ಶಿವೂಬಾಯಿಯಂಥವರ ಧೈರ್ಯ. ಸುಟ್ಟು ಹಾಕಿದ ವಹಿಗಳಲ್ಲ. ಊರ್ಮಿಳಾ ಪವಾರ್ ಮತ್ತು ಮೀನಾಕ್ಷಿ ಮೂನ್ ಅವರು ಅಂಬೇಡ್ಕರ್ ಚಳವಳಿಯಲ್ಲಿ ದುಡಿದ ಹೆಣ್ಣುಮಕ್ಕಳನ್ನು ಹುಡುಕಿಕೊಂಡು ಹೋಗಿ, ಅವರ ಬಾಯಿಂದಲೇ ಕೇಳಿ, 1989ರಲ್ಲಿ ಮರಾಠಿಯಲ್ಲಿ ಪುಸ್ತಕ ಮಾಡಿದರು.  ಯಾರೋ ಹೋಗಿ ಕೇಳಿದ್ದರಿಂದ ಅವರು ಇತಿಹಾಸದಲ್ಲಿ ಉಳಿದರು.

ಆದರೂ ಶಿವೂಬಾಯಿಗೂ ನಮ್ಮ ವಹಿಯ ಹುಡುಗಿಗೂ ಒಂದು ಭೇದವಿದೆ, ಅದನ್ನು ಮಗಳಿಗೆ ತಿಳಿಸಿ ಹೇಳಬೇಕಾಯಿತು. ಶಿವೂಬಾಯಿ ತಾನೇ ಬರೆದಳು. ತನ್ನ ಹೆಸರನ್ನು ತಾನೇ ಜಗತ್ತಿನ ಮುಂದೆ ಇಟ್ಟಳು. ನಮ್ಮ ಹುಡುಗಿ ಏನನ್ನೂ ಬರೆಯಲಿಲ್ಲ. ಅವಳ ಬಗ್ಗೆ ಬರೆದವನು ಅವಳನ್ನು ಬಿಟ್ಟು ಬಂದವನು. ತಾನಾಗಿ ಆಡಿದ ಮಾತನ್ನು ಸಾರುವುದು ಬೇರೆ, ಇನ್ನೊಬ್ಬರು ಬರೆದಿಟ್ಟದ್ದನ್ನು ಸಾರುವುದು ಬೇರೆ. ಮೊದಲನೆಯದಕ್ಕೆ ಅಪ್ಪಣೆ ಸಿಕ್ಕಿದೆ. ಎರಡನೆಯದಕ್ಕೆ ಅಪ್ಪಣೆ ಕೇಳಲು ಮನುಷ್ಯರೇ ಇಲ್ಲ.

ಹೀಗೆ ಯೋಚಿಸುತ್ತಿರುವಾಗ, ಅಷ್ಟು ದಿನ ನೋಡಿಯೂ ನೋಡದ ಒಂದು ಸಂಗತಿ ಕಣ್ಣಿಗೆ ಬಿತ್ತು. ಆ ಪುಟದಲ್ಲಿ ಹುಡುಗಿಯ ಹೆಸರಿಲ್ಲ. ಅರಿಸಿನ 2 ಸೇರು ಎಂದಿದೆ, ಕವಡೆಗೆ 4 ಆಣೆ ಎಂದಿದೆ, ರೈಲು ಹತ್ತಿದ ಊರಿನ ಹೆಸರಿದೆ, ಸಂವತ್ಸರದ ಹೆಸರಿದೆ. ಅವಳ ಹೆಸರು ಇಲ್ಲ. ಮನೆಯ ಎತ್ತುಗಳಿಗೆ ಆ ವಹಿಯಲ್ಲಿ ಹೆಸರಿದೆ, ಓದುಗರೇ. ದೊಡ್ಡಪ್ಪ ಮುಚ್ಚಿಡಬೇಕೆಂದದ್ದು ಅವಳನ್ನಲ್ಲ, ಏಕೆಂದರೆ ಆ ಕಾಗದದಲ್ಲಿ ಅವಳೇ ಇಲ್ಲ. ಅಲ್ಲಿರುವುದು ನಮ್ಮ ಮನೆತನ ಮಾಡಿದ ಕೆಲಸ ಮಾತ್ರ. ಸುಟ್ಟರೆ ಕಾಪಾಡಿದಂತಾಗುವುದು ಅವಳ ಮಾನವಲ್ಲ, ಮುತ್ತಜ್ಜನದು, ಅಂದರೆ ನಮ್ಮದು.

ಇದು ಹೊಳೆದ ಮೇಲೆ ನನಗೆ ದಾರಿ ಸ್ವಲ್ಪ ಕಂಡಿತು. ನಾಚಿಕೆಯ ಕಾಗದ ಎದುರಾದಾಗ ದಾಖಲೆ ಕಾಯುವವನು ಮೊದಲು ಕೇಳಬೇಕಾದ ಪ್ರಶ್ನೆ, “ಇದು ಯಾರ ನಾಚಿಕೆ?” ಎಂಬುದು. ನೊಂದವರ ಗುಟ್ಟಾದರೆ ಅದು ಅವರದು. ನಾವು ಬೀಗ ಹಾಕಿ ಕಾಯಬೇಕು, ಅವರೋ ಅವರ ಮಕ್ಕಳೋ ಬಂದು ಕೇಳಿದಾಗ ತೆರೆಯಬೇಕು. ನೋಯಿಸಿದವರ ಗುಟ್ಟಾದರೆ ಅದನ್ನು ಅಳಿಸುವ ಹಕ್ಕು ಅವರ ವಂಶಸ್ಥರಿಗೆ ಇಲ್ಲ. ಆಸ್ತಿ ಪಿತ್ರಾರ್ಜಿತವಾಗಿ ಬರುವ ಹಾಗೆ ಈ ಋಣವೂ ಬರುತ್ತದೆ. ಹೊಲ ಬೇಕು, ವಹಿ ಬೇಡ ಎಂದರೆ ನಡೆಯದು. ಬಹಳ ಕಾಗದಗಳಲ್ಲಿ ಎರಡೂ ಒಂದೇ ಪುಟದಲ್ಲಿ ಹೆಣೆದುಕೊಂಡಿರುತ್ತವೆ ಎಂಬುದು ನಿಜ. ಆಗ ಕಾಗದವನ್ನು ಉಳಿಸಿ, ತೋರಿಸುವುದಕ್ಕೆ ಮಾತ್ರ ಕಟ್ಟು ಹಾಕಬೇಕು. ಇಡುವುದು ಬೇರೆ, ತೋರಿಸುವುದು ಬೇರೆ. ತೋರಿಸದೆ ಇಟ್ಟದ್ದನ್ನು ಮುಂದೊಂದು ದಿನ ತೋರಿಸಬಹುದು. ಸುಟ್ಟದ್ದನ್ನು ಯಾರೂ ಮತ್ತೆ ತರಲಾರರು. ನಾನು ವಿಜ್ಞಾನ ಓದಿದವನು. ಹಿಂದಕ್ಕೆ ತಿರುಗಿಸಲು ಬಾರದ ಕ್ರಿಯೆಯನ್ನು ಮಾಡುವ ಮುನ್ನ ಎರಡು ಸಲ ನೋಡು ಎಂದು ಪ್ರಯೋಗಶಾಲೆಯಲ್ಲಿ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬಂತು.

ಇದರಿಂದ ಎಲ್ಲ ಬಗೆಹರಿಯಿತೆಂದು ನಾನು ಹೇಳುವುದಿಲ್ಲ. ತನ್ನನ್ನು ಎಲ್ಲರೂ ಪೂರ್ತಿ ಮರೆತುಬಿಡಲಿ ಎಂಬುದೇ ಆ ಹೆಣ್ಣಿನ ಮನಸ್ಸಾಗಿದ್ದರೆ, ನಾನು ಮಾಡಿದ್ದು ತಪ್ಪೇ. ಆದರೆ ತಾನಾಗಿ ಮರೆಯಾಗುವುದಕ್ಕೂ ಇನ್ನೊಬ್ಬರಿಂದ ಅಳಿಸಿಹೋಗುವುದಕ್ಕೂ ವ್ಯತ್ಯಾಸವಿದೆ. ಎರಡರಲ್ಲಿ ಅವಳದು ಯಾವುದೆಂದು ಗೊತ್ತಿಲ್ಲದಿರುವಾಗ, ಉಳಿಸುವ ಕಡೆಗೆ ತಪ್ಪುವುದು ಮೇಲು ಎಂದುಕೊಂಡೆ.

ವಹಿಯನ್ನು ಸಂಘದ ಸಂಗ್ರಹಕ್ಕೆ ಒಪ್ಪಿಸಿದೆ. ಆ ಪುಟ, ಊರು, ಮನೆತನದ ಹೆಸರು 30 ವರ್ಷ ಯಾರಿಗೂ ತೋರಿಸತಕ್ಕದ್ದಲ್ಲ, ಅವಳ ಸಂತತಿಯವರು ಬಂದು ಕೇಳಿದರೆ ಮಾತ್ರ ತೋರಿಸತಕ್ಕದ್ದು ಎಂದು ಬರೆದುಕೊಟ್ಟೆ. ಇಂಥ ಘಟನೆ ನಮ್ಮಂಥವರ ಮನೆಯಲ್ಲಿ ನಡೆದಿತ್ತು ಎಂಬಷ್ಟನ್ನು ಇಲ್ಲಿ ಬರೆದಿದ್ದೇನೆ. ಮಗಳಿಗೆ ಇದು ಕಡಿಮೆಯಾಯಿತು, ದೊಡ್ಡಪ್ಪನಿಗೆ ಹೆಚ್ಚಾಯಿತು.

ಸಂಗ್ರಹದ ನೋಂದಣಿ ಪುಸ್ತಕದಲ್ಲಿ ಪ್ರತಿ ಕಾಗದಕ್ಕೂ ‘ಸಂಬಂಧಪಟ್ಟ ವ್ಯಕ್ತಿಗಳು’ ಎಂಬ ಕಾಲಮು ಇದೆ. ಅಲ್ಲಿ ಖಾಲಿ ಬಿಡಲು ಕೈ ಬರಲಿಲ್ಲ. “ಒಬ್ಬ ಹುಡುಗಿ. ಹೆಸರು ಬರೆದಿಲ್ಲ” ಎಂದು ಬರೆದೆ. ನಾವು ನೋಂದಣಿಯನ್ನು ಪೆನ್ಸಿಲಿನಲ್ಲೇ ಬರೆಯುತ್ತೇವೆ. ಶಾಯಿ ಚೆಲ್ಲಿ ಹಳೆಯ ಕಾಗದ ಕೆಡಬಾರದು ಎಂಬುದೊಂದು. ಮುಂದೆ ಹೆಚ್ಚು ತಿಳಿದರೆ ತಿದ್ದಲು ಬರಬೇಕು ಎಂಬುದಿನ್ನೊಂದು.

ಒಂದು ತಿಂಗಳ ಮೇಲೆ ಊರಿನಿಂದ ದೊಡ್ಡಪ್ಪನ ಫೋನು ಬಂತು. ಮಳೆ, ಬೆಳೆ, ಮೊಣಕಾಲು ಬೇನೆ ಎಲ್ಲ ಆದ ಮೇಲೆ ಸುಮ್ಮನಾದರು. ಇಡುತ್ತಾರೇನೋ ಎಂದುಕೊಂಡೆ. ಆಗ, “ಆಕೀ ಹೆಸರು ನಮ್ಮವ್ವ ಒಮ್ಮೊಮ್ಮೆ ಹೇಳ್ತಿದ್ದಳು. ಪಂಚಮಿಗೆ ಜೋಕಾಲಿ ಕಟ್ಟಿದಾಗೆಲ್ಲ ನೆನಸತಿದ್ದಳು” ಎಂದು ಹೆಸರು ಹೇಳಿದರು. ಆಮೇಲೆ, “ಪೇಪರದಾಗ ಹಾಕಬ್ಯಾಡ ಮತ್ತ” ಎಂದರು.

ಹಾಕಿಲ್ಲ. ಮರುದಿನ ರವಿವಾರ. ಸಂಘಕ್ಕೆ ಹೋಗಿ ನೋಂದಣಿ ಪುಸ್ತಕ ತೆಗೆದು, ‘ಹೆಸರು ಬರೆದಿಲ್ಲ’ ಎಂಬುದನ್ನು ರಬ್ಬರಿನಿಂದ ಅಳಿಸಿ, ಆ ಜಾಗದಲ್ಲಿ ಅವಳ ಹೆಸರು ಬರೆದು ಬಂದೆ.